ತಿಥಿ ಮುಗಿದ ಮೇಲೆ ಶುರುವಾಗುವ ಕೇಸು: ಕೊಲೆಯಾದವರ ಮನೆಯವರ ಜೊತೆ ಊರು ನಿಲ್ಲುವುದು ಹೇಗೆ?

ಜಿಲ್ಲಾ ಕೋರ್ಟಿನ ಕಾರಿಡಾರಿನಲ್ಲಿ ಕೂರಲು ಜಾಗ ಸಿಗುವುದೇ ಕಷ್ಟ. ಅವತ್ತು ನಮ್ಮ ಬೀದಿಯ ಒಬ್ಬ ತಾಯಿಗೆ ಕಿಟಕಿ ಪಕ್ಕದ ಬೆಂಚಿನ ಮೂಲೆ ಸಿಕ್ಕಿತ್ತು. ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರಲ್ಲಿ ಸಮನ್ಸ್, ಆಧಾರ್ ಕಾರ್ಡು, ಬಿ.ಪಿ. ಮಾತ್ರೆ, ಚಿತ್ರಾನ್ನದ ಡಬ್ಬಿ. ಮಗನನ್ನು ಕಳೆದುಕೊಂಡು ಮೂರು ವರ್ಷ ಆಗಿತ್ತು. ಬೆಳಗ್ಗೆ ಹತ್ತೂವರೆಗೆ ಬಂದು ಕೂತವರನ್ನು ಮಧ್ಯಾಹ್ನ ಮೂರಕ್ಕೆ ಹೆಸರು ಹಿಡಿದು ಕರೆದರು. ಎರಡೇ ನಿಮಿಷ. ಆರೋಪಿ ಕಡೆಯ ವಕೀಲರು ಬಂದಿಲ್ಲ, ಮುಂದಿನ ತಾರೀಖಿಗೆ ಬನ್ನಿ ಅಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅವರು ಕೇಳಿದ್ದು ಒಂದೇ ಮಾತು. "ಇದು ನನ್ನ ಮಗನ ಕೇಸು ತಾನೇ? ಹಂಗಾದ್ರೆ ನಂಗ್ಯಾಕೆ ಯಾರೂ ಏನೂ ಹೇಳಲ್ಲ?"

ಒಂದು ಮನೆಯಲ್ಲಿ ಕೊಲೆಯಾದರೆ ಊರಿಗೆ ಊರೇ ಓಡಿ ಬರುತ್ತದೆ. ಹೆಣ ಎತ್ತುವ ತನಕ ಜನ, ಒಲೆ ಹಚ್ಚದ ಮನೆಗೆ ಅಕ್ಕಪಕ್ಕದವರ ಊಟ. ಹನ್ನೊಂದನೇ ದಿನವೋ ಹದಿಮೂರನೇ ದಿನವೋ ತಿಥಿ, ಮುಸ್ಲಿಮರ ಮನೆಯಾದರೆ ನಲವತ್ತನೇ ದಿನ. ಆಮೇಲೆ ಅವರವರ ಹೊಟ್ಟೆಪಾಡು ಅವರವರಿಗೆ. ಆದರೆ ಕೋರ್ಟಿನ ಕೆಲಸ ನಿಜವಾಗಿ ಶುರುವಾಗುವುದೇ ಆಗ. ಜನ ಬರುವುದು ನಿಂತ ಮೇಲೆ ಆ ಮನೆಯವರಿಗೆ ಏನೇನು ಎದುರಾಗುತ್ತದೆ, ಯಾವ ಹೊತ್ತಿನಲ್ಲಿ ಯಾವ ಸಹಾಯ ಬೇಕು ಅನ್ನುವುದನ್ನು ಮೊದಲಿನಿಂದ ಹೇಳುತ್ತೇನೆ.

ಇದು ಯಾರ ಕೇಸು?

ಆ ತಾಯಿಯ ಪ್ರಶ್ನೆಯಿಂದಲೇ ಶುರು ಮಾಡೋಣ. ಜಮೀನಿನ ತಕರಾರು, ಸಾಲದ ತಕರಾರು ಇದ್ದರೆ ಅದು ಸಿವಿಲ್ ಕೇಸು. ನಾವೇ ವಕೀಲರನ್ನು ಹಿಡಿಯುತ್ತೇವೆ, ಕೇಸು ನಮ್ಮ ಹೆಸರಿನಲ್ಲೇ ಇರುತ್ತದೆ. ಕೊಲೆ ಹಾಗಲ್ಲ. ಅದು ಇಡೀ ಸಮಾಜದ ಮೇಲೆ ನಡೆದ ಅಪರಾಧ ಅಂತ ಕಾನೂನು ಲೆಕ್ಕ ಹಾಕುತ್ತದೆ. ಹಾಗಾಗಿ ಕೇಸು ನಡೆಸುವುದು ಸರ್ಕಾರ. ಕಾಗದದ ಮೇಲೆ 'ಕರ್ನಾಟಕ ರಾಜ್ಯ' ಒಂದು ಕಡೆ, ಆರೋಪಿ ಇನ್ನೊಂದು ಕಡೆ. ಸತ್ತವರ ಮನೆಯವರು ಆ ಎರಡರಲ್ಲೂ ಇಲ್ಲ.

ಸರ್ಕಾರದ ಪರ ವಾದ ಮಾಡುವವರು ಪಬ್ಲಿಕ್ ಪ್ರಾಸಿಕ್ಯೂಟರ್, ಕೋರ್ಟಿನಲ್ಲಿ ಎಲ್ಲರ ಬಾಯಲ್ಲೂ 'ಪಿ.ಪಿ.' ಕೊಲೆ ಕೇಸು ನಡೆಯುವುದು ಸೆಷನ್ಸ್ ಕೋರ್ಟಿನಲ್ಲಿ. ಅಲ್ಲಿ ಕೇಸು ನಡೆಸುವ ಅಧಿಕಾರ ಪಿ.ಪಿ.ಗೆ ಮಾತ್ರ. ಮನೆಯವರು ಸ್ವಂತ ವಕೀಲರನ್ನು ಇಟ್ಟುಕೊಳ್ಳಬಹುದು. ಆದರೆ ಆ ವಕೀಲರು ಪಿ.ಪಿ.ಗೆ ಸಹಾಯಕರಾಗಿ ಕೆಲಸ ಮಾಡಬೇಕು. ಕೋರ್ಟು ಒಪ್ಪಿದರೆ, ಸಾಕ್ಷಿ ವಿಚಾರಣೆ ಮುಗಿದ ಮೇಲೆ ಲಿಖಿತ ವಾದ ಕೊಡಬಹುದು.

ಆಸ್ಪತ್ರೆಯ ಹಾಗೆ ಅಂದುಕೊಳ್ಳಿ. ಆಪರೇಷನ್ ಮಾಡುವವರು ಡಾಕ್ಟರು, ಹೊರಗೆ ಕೂತವರು ಮನೆಯವರು. ಕತ್ತರಿ ಮನೆಯವರ ಕೈಗೆ ಬರುವುದಿಲ್ಲ. ಆದರೆ ರೋಗಿಗೆ ಸಕ್ಕರೆ ಕಾಯಿಲೆ ಇದೆ, ಈ ಮಾತ್ರೆ ಆಗಿಬರಲ್ಲ ಅಂತ ಅವರು ಹೇಳದಿದ್ದರೆ ಡಾಕ್ಟರಿಗೆ ಹೇಗೆ ತಿಳಿಯಬೇಕು? ಪಿ.ಪಿ. ಕೈಯಲ್ಲಿ ಒಂದೇ ಹೊತ್ತಿಗೆ ಹತ್ತಾರು ಕೇಸು ಇರುತ್ತವೆ. ಅವರ ಕಚೇರಿಗೆ ಹೋಗಿ ನಾವು ಇಂಥವರ ಮನೆಯವರು ಅಂತ ಮುಖ ತೋರಿಸಿ, ಫೋನ್ ನಂಬರ್ ಕೊಟ್ಟು ಬರುವುದು ಸಣ್ಣ ಕೆಲಸ. ಅಳುತ್ತಾ ಕೂತ ಮನೆಯವರಿಗೆ ಅದೂ ಹೊಳೆಯುವುದಿಲ್ಲ. ಜೊತೆಗೆ ಒಬ್ಬರು ಹೋಗಬೇಕು.

ಇನ್ನೊಂದು ವಿಷಯ. 2024ರ ಜುಲೈ 1ರಿಂದ ದೇಶದಲ್ಲಿ ಹೊಸ ಕಾನೂನುಗಳು ಬಂದಿವೆ. ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಕೊಲೆಗೆ ಮೊದಲು 302ನೇ ಕಲಂ ಇತ್ತು, ಈಗ 103. ಆ ತಾರೀಖಿಗೆ ಮುಂಚೆ ನಡೆದ ಕೊಲೆಗೆ ಹಳೆಯ 302ನೇ ಕಲಮೇ ಇರುತ್ತದೆ. ಹಾಗಾಗಿ ಪಕ್ಕದ ಊರಿನ ಕೇಸಿನಲ್ಲಿ ಒಂದು ನಂಬರು, ನಮ್ಮದರಲ್ಲಿ ಇನ್ನೊಂದು ಇದ್ದರೆ ಗಾಬರಿ ಬೇಡ. ಇಬ್ಬರದ್ದೂ ಕೊಲೆ ಕೇಸೇ.

ಮೊದಲ ದಿನಗಳ ಕಾಗದ

ಠಾಣೆಯಲ್ಲಿ ದೂರು ಬರೆದುಕೊಂಡು ದಾಖಲಿಸುವುದೇ ಎಫ್‌ಐಆರ್. ಅದರ ಒಂದು ಪ್ರತಿಯನ್ನು ದೂರು ಕೊಟ್ಟವರಿಗೆ ಅಥವಾ ನೊಂದ ಮನೆಯವರಿಗೆ ಪುಕ್ಕಟೆಯಾಗಿ ಕೊಡಬೇಕು. ಘಟನೆ ಬೇರೆ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ದೂರು ತೆಗೆದುಕೊಳ್ಳಬೇಕು. ಅದಕ್ಕೆ ಝೀರೋ ಎಫ್‌ಐಆರ್ ಅನ್ನುತ್ತಾರೆ.

ಸಹಿ ಹಾಕುವ ಮುಂಚೆ ದೂರನ್ನು ಓದಿಸಿಕೊಳ್ಳಲೇಬೇಕು. ಮಗನನ್ನು ಕಳೆದುಕೊಂಡ ಅಪ್ಪ ಆ ಹೊತ್ತಿನಲ್ಲಿ ಏನು ಬರೆದಿದ್ದರೂ ಹೆಬ್ಬೆಟ್ಟು ಒತ್ತಿಬಿಡುತ್ತಾರೆ. ಸಂಜೆ ಏಳು ಗಂಟೆ ಅನ್ನುವುದು ಒಂಬತ್ತು ಅಂತ ಆಗಿದ್ದರೆ, ಮೂರು ವರ್ಷದ ಮೇಲೆ ಕಟಕಟೆಯಲ್ಲಿ ಅದೇ ಎರಡು ಗಂಟೆ ಹಿಡಿದು ಪ್ರಶ್ನೆ ಬರುತ್ತದೆ. ಪಕ್ಕದಲ್ಲಿ ಓದು ಬಲ್ಲ, ತಲೆ ತಣ್ಣಗಿರುವ ಒಬ್ಬರು ಇದ್ದರೆ ಸಾಕು, "ಸ್ವಲ್ಪ ಇರಿ, ಇನ್ನೊಂದ್ಸಲ ಓದಿ" ಅನ್ನಲು.

ಆಮೇಲೆ ಮಹಜರು. ಹೆಣ ಹೇಗಿತ್ತು, ಗಾಯ ಎಲ್ಲಿತ್ತು, ಜಾಗದಲ್ಲಿ ಏನು ಸಿಕ್ಕಿತು ಅಂತ ಪಂಚರ ಎದುರಿನಲ್ಲಿ ಬರೆಯುವ ಕಾಗದ ಅದು. ಪಂಚರು ಅಂದರೆ ಬೇರೆ ಯಾರೋ ಅಲ್ಲ, ಊರಿನ ನಿಮ್ಮಂಥವರು, ನಮ್ಮಂಥವರು. ಕರೆದಾಗ ತುಂಬಾ ಜನ ಹಿಂದೆ ಸರಿಯುತ್ತಾರೆ, ಕೋರ್ಟು ಕಚೇರಿ ಯಾಕೆ ಬೇಕು ಅಂತ. ಆದರೆ ಊರಿನವರು ಮಾಡಬಹುದಾದ ಮೊದಲ ಸಹಾಯವೇ ಇದು. ಪಂಚರಾಗಿ ನಿಂತು, ಕಣ್ಣಿಗೆ ಕಂಡದ್ದಕ್ಕೆ ಮಾತ್ರ ಸಹಿ ಹಾಕುವುದು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಅನುಮಾನ ಬರುವ ಹಾಗೆ ಸತ್ತಿದ್ದರೆ ಪೊಲೀಸರ ಜೊತೆ ಮ್ಯಾಜಿಸ್ಟ್ರೇಟ್ ಅಧಿಕಾರ ಇರುವ ತಹಶೀಲ್ದಾರರಂಥವರೂ ವಿಚಾರಣೆ ಮಾಡುತ್ತಾರೆ. ತವರಿನವರು ಬಂದು ತಲುಪುವ ತನಕ ಕಾಯಿರಿ ಅಂತ ಕೇಳುವುದಕ್ಕೂ ಅಲ್ಲಿ ಯಾರಾದರೂ ಇರಬೇಕಲ್ಲ.

ಪೊಲೀಸರು ಹೇಳಿಕೆ ತೆಗೆದುಕೊಳ್ಳಲು ಕರೆಯುತ್ತಾರೆ. ಹೆಂಗಸರು, 15 ವರ್ಷದೊಳಗಿನವರು, 60 ದಾಟಿದವರು, ಅಂಗವಿಕಲರು, ತೀರಾ ಕಾಯಿಲೆ ಬಿದ್ದವರು ಠಾಣೆಗೇ ಬರಬೇಕು ಅನ್ನುವಂತಿಲ್ಲ. ಅವರಿರುವ ಮನೆಗೇ ಬಂದು ಕೇಳಬೇಕು. ತನಿಖೆಯಲ್ಲಿ ಪೊಲೀಸರು ಹೀಗೆ ಬರೆದುಕೊಂಡ ಹೇಳಿಕೆಗೆ ಸಾಕ್ಷಿ ಸಹಿ ಹಾಕಬೇಕಾಗಿಲ್ಲ. ದೂರಿಗೆ ಸಹಿ ಬೇಕು, ಈ ಹೇಳಿಕೆಗೆ ಬೇಡ. ಇವೆರಡನ್ನೂ ಕಲಸಿಕೊಳ್ಳುವವರೇ ಜಾಸ್ತಿ.

ತೊಂಬತ್ತು ದಿನ, ಜಾಮೀನು

ತನಿಖೆ ಮುಗಿಸಿ ಪೊಲೀಸರು ಕೋರ್ಟಿಗೆ ಸಲ್ಲಿಸುವ ವರದಿಯೇ ಚಾರ್ಜ್‌ಶೀಟ್, ಕನ್ನಡದಲ್ಲಿ ದೋಷಾರೋಪಣ ಪಟ್ಟಿ. ಕೊಲೆಯಂಥ ಕೇಸಿನಲ್ಲಿ ಆರೋಪಿ ಜೈಲಿನಲ್ಲಿದ್ದರೆ ಇದಕ್ಕೆ 90 ದಿನದ ಗಡುವು. ಅಷ್ಟರೊಳಗೆ ಸಲ್ಲಿಸದಿದ್ದರೆ, ಆರೋಪಿ ಅರ್ಜಿ ಹಾಕಿ ಜಾಮೀನು ಕೊಡಲು ತಯಾರಿದ್ದರೆ, ಬಿಡುಗಡೆ ಅವನ ಹಕ್ಕು. ತನಿಖೆ ಎಲ್ಲಿಗೆ ಬಂತು ಅನ್ನುವುದನ್ನು ದೂರುದಾರರಿಗೆ ಅಥವಾ ನೊಂದವರಿಗೆ 90 ದಿನದೊಳಗೆ ಪೊಲೀಸರು ತಿಳಿಸಬೇಕು ಅಂತ ಹೊಸ ಕಾನೂನು ಹೇಳುತ್ತದೆ. ಮೊಬೈಲಿಗೆ ತಿಳಿಸಿದರೂ ನಡೆಯುತ್ತದೆ. ಹಾಗಾಗಿ ಎಪ್ಪತ್ತು, ಎಂಬತ್ತನೇ ದಿನ ಆಗುವಾಗ ಒಬ್ಬರು ಠಾಣೆಗೆ ಹೋಗಿ ವಿಚಾರಿಸಿ ಬರುವುದು ಒಳ್ಳೆಯದು. ಜಗಳಕ್ಕೆ ಹೋಗಬೇಕಾಗಿಲ್ಲ, ಕೇಳಿಕೊಂಡು ಬಂದರೆ ಆಯಿತು.

ಜಾಮೀನು ಸಿಕ್ಕ ದಿನ ನೊಂದ ಮನೆಯಲ್ಲಿ ಎರಡನೇ ಸಲ ಸಾವಾದ ಹಾಗಿರುತ್ತದೆ. "ಬಿಟ್ಟುಬಿಟ್ರಂತೆ" ಅಂತ ಊರೆಲ್ಲ ಸುದ್ದಿ. ಜಾಮೀನು ಅಂದರೆ ಖುಲಾಸೆ ಅಲ್ಲ. ಪರೀಕ್ಷೆ ಮುಗಿಯುವ ತನಕ ಹುಡುಗ ಹಾಸ್ಟೆಲಿನಲ್ಲೇ ಇರಬೇಕಾ, ಮನೆಯಿಂದ ಬಂದು ಹೋಗಬಹುದಾ ಅಂತ ತೀರ್ಮಾನ ಮಾಡಿದ ಹಾಗೆ ಅದು. ಫಲಿತಾಂಶ ಬೇರೆ. ಕೋರ್ಟು ತಪ್ಪು ಸಾಬೀತಾಗಿದೆ ಅನ್ನುವ ತನಕ ಆರೋಪಿ ಆರೋಪಿಯೇ, ಅಪರಾಧಿ ಅಲ್ಲ. ಈ ಮಾತು ನೊಂದವರಿಗೆ ಕಹಿಯಾಗಿ ಕೇಳುತ್ತದೆ, ಅದು ಸಹಜ. ಮೆಲ್ಲಗೆ, ಮೊದಲೇ ತಿಳಿಸಿ ಹೇಳಿದ್ದರೆ ಜಾಮೀನಿನ ಸುದ್ದಿ ಬಂದ ದಿನ ಪೆಟ್ಟು ಸ್ವಲ್ಪ ಕಡಿಮೆ.

ಜಾಮೀನಿನ ಅರ್ಜಿಯಲ್ಲಿ ನೊಂದವರ ಮಾತನ್ನೂ ಕೇಳಬೇಕು ಅಂತ 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು. ಉತ್ತರ ಪ್ರದೇಶದ ಲಖೀಂಪುರ ಖೇರಿ ಪ್ರಕರಣದಲ್ಲಿ ಸತ್ತವರ ಕಡೆಯವರಿಗೆ ಸರಿಯಾಗಿ ಮಾತಾಡಲು ಅವಕಾಶ ಸಿಗದೆ ಕೊಟ್ಟ ಜಾಮೀನನ್ನು ರದ್ದು ಮಾಡಿ ಕೊಟ್ಟ ತೀರ್ಪು ಅದು. ದಲಿತರ, ಆದಿವಾಸಿಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಕೇಸಾದರೆ ಇನ್ನೂ ಬಲವಾದ ಹಕ್ಕಿದೆ. ಜಾಮೀನು ವಿಚಾರಣೆಯೂ ಸೇರಿ ಕೋರ್ಟಿನ ಪ್ರತಿ ಹಂತದ ಮುನ್ಸೂಚನೆ ಮನೆಯವರಿಗೆ ಸಿಗಬೇಕು. ಸಂಘ ಸಂಸ್ಥೆ, ಸಮಾಜ ಸೇವಕರು, ವಕೀಲರ ನೆರವು ಪಡೆಯುವುದೂ ಹಕ್ಕು ಅಂತ ಅದರ 15ಎ ಕಲಮಿನಲ್ಲಿ ಬರೆದೇ ಇದೆ. ಈ ಕಲಂ 2016ರ ಜನವರಿ 26ರಿಂದ ಜಾರಿಯಲ್ಲಿದೆ.

ಯಾರೂ ಬರದ ವರ್ಷಗಳು

ಚಾರ್ಜ್‌ಶೀಟ್ ಆದ ಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟು ಕೇಸನ್ನು ಸೆಷನ್ಸ್ ಕೋರ್ಟಿಗೆ ಒಪ್ಪಿಸುತ್ತದೆ. ಅಲ್ಲಿ ಆರೋಪ ನಿಗದಿ, ಅಂದರೆ ಯಾವ ಯಾವ ಅಪರಾಧಕ್ಕೆ ವಿಚಾರಣೆ ಅಂತ ಕೋರ್ಟು ಗೊತ್ತು ಮಾಡುವುದು, ಆಮೇಲೆ ಸಾಕ್ಷಿ ವಿಚಾರಣೆ. ಹೇಳಲು ಎರಡು ಸಾಲು, ನಡೆಯಲು ವರ್ಷಗಳು. ಪತ್ರಕರ್ತೆ ಗೌರಿ ಲಂಕೇಶ್ ಅವರ ಹತ್ಯೆ ನಡೆದದ್ದು 2017ರ ಸೆಪ್ಟೆಂಬರ್ 5ರಂದು. ದೂರು ಕೊಟ್ಟ ತಂಗಿ ಕವಿತಾ ಲಂಕೇಶ್ ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದು 2022ರ ಜುಲೈನಲ್ಲಿ. ಇಡೀ ದೇಶದ ಕಣ್ಣಿದ್ದ ಕೇಸಿನಲ್ಲೇ ಹೀಗೆ. ಹೆಸರಿಲ್ಲದ ಮನೆಯ ಕೇಸಿನಲ್ಲಿ ಕಾಯುವುದು ಎಷ್ಟು ಮೌನವಾಗಿ ನಡೆಯುತ್ತದೆ ಅಂತ ಊಹೆ ಮಾಡಿಕೊಳ್ಳಿ.

ಈ ನಡುವೆ ಕೇಸಿನ ನಂಬರೇ ಬದಲಾಗುತ್ತಾ ಹೋಗುತ್ತದೆ. ಠಾಣೆಯಲ್ಲಿ ಅಪರಾಧ ಸಂಖ್ಯೆ, ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಸಿ.ಸಿ. ನಂಬರ್, ಸೆಷನ್ಸ್‌ನಲ್ಲಿ ಎಸ್.ಸಿ. ನಂಬರ್. ಶಾಲೆಯ ದಾಖಲಾತಿ ನಂಬರ್, ಹಾಲ್ ಟಿಕೆಟ್ ನಂಬರ್ ಬೇರೆ ಬೇರೆ ಇದ್ದ ಹಾಗೆ. ಇದರ ಜೊತೆ ಪ್ರತಿ ಕೇಸಿಗೂ 16 ಅಕ್ಷರ, ಅಂಕಿಗಳ ಒಂದು ಸಿಎನ್ಆರ್ ಸಂಖ್ಯೆ ಇರುತ್ತದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಮುಂದಿನ ತಾರೀಖು ಯಾವಾಗ, ಹಿಂದಿನ ಸಲ ಏನಾಯಿತು ಅಂತ ಕಾಣುತ್ತದೆ. ನಮ್ಮ ಬೀದಿಯ ಡಿಗ್ರಿ ಓದುವ ಹುಡುಗಿಯೊಬ್ಬಳು ಆ ತಾಯಿಗಾಗಿ ಇದನ್ನೇ ಮಾಡಿದಳು. ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು, ಒಂದೊಂದು ತಾರೀಖಿಗೂ ಒಂದೊಂದು ಪುಟ. ಯಾರು ಬಂದಿದ್ದರು, ಏನಾಯಿತು, ಮುಂದೆ ಯಾವಾಗ. ಖರ್ಚು ನಲವತ್ತು ರೂಪಾಯಿ. ಅವತ್ತಿನಿಂದ ಅವರು ತಮ್ಮ ಮಗನ ಕೇಸು ಎಲ್ಲಿದೆ ಅಂತ ಇನ್ನೊಬ್ಬರನ್ನು ಕೇಳಲಿಲ್ಲ.

ಮನೆ ಒಳಗಿನ ಕೆಲಸವೂ ಇದೆ. ಸತ್ತವರು ದುಡಿಯುವವರಾಗಿದ್ದರೆ ಮರಣ ಪತ್ರ, ವಂಶವೃಕ್ಷ, ನಾಡಕಚೇರಿ, ಪೌತಿ ಖಾತೆ, ಬ್ಯಾಂಕು, ವಿಧವಾ ವೇತನ, ಹೀಗೆ ಒಂದರ ಹಿಂದೆ ಒಂದು. ಸತ್ತವರ ಮೊಬೈಲು, ಬೈಕು ಸಾಕ್ಷ್ಯ ಅಂತ ಠಾಣೆಯಲ್ಲಿರುತ್ತದೆ. ಬೈಕಿನ ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ. "ಏನಾದ್ರೂ ಬೇಕಿದ್ರೆ ಹೇಳಿ" ಅಂತ ಎಲ್ಲರೂ ಹೇಳುತ್ತಾರೆ, ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ದುಃಖದಲ್ಲಿರುವವರಿಗೆ ಏನು ಬೇಕು ಅಂತ ಹೇಳುವ ಶಕ್ತಿಯೇ ಇರುವುದಿಲ್ಲ ಅಲ್ವಾ? "ಮಂಗಳವಾರ ನಾಡಕಚೇರಿಗೆ ನಾನು ಹೋಗ್ತಿದ್ದೀನಿ, ಕಾಗದ ಕೊಡಿ" ಅಂದರೆ ಅವರು ಕೊಡುತ್ತಾರೆ.

ನಿದ್ದೆ ಬಾರದ ರಾತ್ರಿಗಳಿಗೆ 14416 ಅನ್ನುವ ನಂಬರ್ ಇದೆ. ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಫೋನ್ ಹಚ್ಚಿಕೊಟ್ಟು ಪಕ್ಕದಲ್ಲಿ ಕೂರುವುದೂ ಸಹಾಯವೇ.

ಕೋರ್ಟಿನ ದಿನ

ಇಲ್ಲಿ ಬಹಳ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಸಾಕ್ಷಿ ಹೇಳಬೇಕಾದವರನ್ನು ತಮ್ಮ ಸರದಿ ಬರುವ ತನಕ ಸಾಮಾನ್ಯವಾಗಿ ಕೋರ್ಟ್ ಹಾಲಿನ ಒಳಗೆ ಕೂರಿಸುವುದಿಲ್ಲ. ಒಬ್ಬ ಸಾಕ್ಷಿಯ ಮಾತು ಕೇಳಿ ಇನ್ನೊಬ್ಬರು ತಮ್ಮ ಮಾತು ತಿದ್ದಿಕೊಳ್ಳಬಾರದು ಅಂತ. ಕೊಲೆ ಕೇಸಿನಲ್ಲಿ ಅಪ್ಪ, ಅಮ್ಮ, ಹೆಂಡತಿ, ಅಣ್ಣ ಎಲ್ಲರೂ ಬಹುತೇಕ ಸಾಕ್ಷಿಗಳೇ ಆಗಿರುತ್ತಾರೆ. ಅಂದರೆ ಒಳಗೆ ಕೇಸು ನಡೆಯುತ್ತಿರುವಾಗ ಸತ್ತವರ ಕಡೆಯವರು ಯಾರೂ ಅಲ್ಲಿ ಇರುವುದಿಲ್ಲ. ಆ ತಾಯಿಗೆ ಯಾರೂ ಏನೂ ಹೇಳದೆ ಇದ್ದದ್ದಕ್ಕೆ ಅರ್ಧ ಕಾರಣ ಇದೇ.

ಅದಕ್ಕೇ ಸಾಕ್ಷಿಯಲ್ಲದ ಒಬ್ಬರು ಒಳಗೆ ಕೂರಬೇಕು. ನಮ್ಮ ದೇಶದಲ್ಲಿ ಕೋರ್ಟು ತೆರೆದ ಜಾಗ. ನ್ಯಾಯಾಧೀಶರು ಬೇಡ ಅನ್ನದಿದ್ದರೆ, ಗುಟ್ಟಾಗಿ ನಡೆಸಬೇಕಾದ ಕೇಸಲ್ಲದಿದ್ದರೆ, ಯಾರು ಬೇಕಾದರೂ ಹಿಂದಿನ ಬೆಂಚಿನಲ್ಲಿ ಕೂರಬಹುದು. ಫೋನ್ ಆಫ್ ಮಾಡಿ ಸುಮ್ನೆ ಕೂತು ಕೇಳುವುದು. ಫೋಟೋ, ರೆಕಾರ್ಡಿಂಗ್ ಬೇಡವೇ ಬೇಡ. ಸಂಜೆ ಮನೆಯವರಿಗೆ ಇವತ್ತು ಡಾಕ್ಟರ ಸಾಕ್ಷಿ ಆಯಿತು, ಮುಂದಿನ ತಾರೀಖು ಇಂಥ ದಿನ ಅಂತ ಹೇಳುವುದು. ಯಾವ ಸಾಕ್ಷಿ ಏನು ನುಡಿದರು ಅನ್ನುವ ವಿವರವನ್ನು ಮಾತ್ರ, ಮನೆಯವರ ಸಾಕ್ಷಿ ಮುಗಿಯುವ ತನಕ, ಹೇಳಬಾರದು. ಹೇಳಿದರೆ ಅವರನ್ನು ಹೊರಗೆ ಕೂರಿಸಿದ್ದೇ ವ್ಯರ್ಥ. ಆರೋಪಿ ಪರ ವಕೀಲರಿಗೂ ಅದೇ ಅಸ್ತ್ರ.

ಸಾಕ್ಷಿ ನುಡಿಯುವುದು ಮೂರು ಹಂತದಲ್ಲಿ. ಮೊದಲು ಪಿ.ಪಿ. ಕೇಳುವುದು ಮುಖ್ಯ ವಿಚಾರಣೆ. ಆಮೇಲೆ ಆರೋಪಿ ಪರ ವಕೀಲರ ಪಾಟಿ ಸವಾಲು. ಬೇಕಿದ್ದರೆ ಪಿ.ಪಿ.ಯಿಂದ ಮರು ವಿಚಾರಣೆ. ಪಾಟಿ ಸವಾಲಿನಲ್ಲಿ "ನೀವು ಸುಳ್ಳು ಹೇಳ್ತಿದ್ದೀರಿ ಅಂದ್ರೆ?" ಅಂತ ಕೇಳುತ್ತಾರೆ. ಅದು ಆ ವಕೀಲರ ಕೆಲಸ, ಸತ್ತವರ ಮೇಲಿನ ದ್ವೇಷ ಅಲ್ಲ. ಇದು ಮೊದಲೇ ಗೊತ್ತಿದ್ದರೆ ತಾಯಿ ಕಟಕಟೆಯಲ್ಲಿ ಕುಸಿಯುವುದಿಲ್ಲ. ನೆನಪಿಲ್ಲದ್ದಕ್ಕೆ ನೆನಪಿಲ್ಲ ಅನ್ನಬಹುದು. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ ಅನ್ನಬಹುದು. ಸಂಬಂಧಿಕರು ಅನ್ನುವ ಒಂದೇ ಕಾರಣಕ್ಕೆ ಮನೆಯವರ ಸಾಕ್ಷ್ಯವನ್ನು ತಳ್ಳಿಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ.

ಆದರೆ ಯಾವ ತಯಾರಿಯೂ ಸಾಲದ ಒಂದು ಗಳಿಗೆ ಇರುತ್ತದೆ. ಸತ್ತವರ ಮೈಮೇಲಿದ್ದ ಬಟ್ಟೆ, ಚಪ್ಪಲಿ, ವಾಚು ಎಲ್ಲ 'ಮುದ್ದೆಮಾಲು' ಅಂತ ಕೋರ್ಟಿನಲ್ಲಿರುತ್ತವೆ. ಸಾಕ್ಷಿಯ ದಿನ ಅರಗಿನ ಮೊಹರು ಒಡೆದು, ಬಟ್ಟೆ ಗಂಟಿನಿಂದ ಒಂದೊಂದೇ ತೆಗೆದು, "ಇದು ಯಾರದು?" ಅಂತ ಕೇಳುತ್ತಾರೆ. ಆ ತಾಯಿಯ ಮುಂದೆ ಇಟ್ಟದ್ದು ನೀಲಿ ಗೆರೆಯ ಒಂದು ಅಂಗಿ. ಒಣಗಿ ಗಟ್ಟಿಯಾಗಿತ್ತು, ಮಡಿಕೆ ಹಾಗೇ ನಿಂತಿತ್ತು. ಮೂರನೇ ಗುಂಡಿ ಬೇರೆ ಬಣ್ಣದ್ದು, ಅವರೇ ಹೊಲಿದದ್ದು. ಅವರು ಅಂಗಿ ಮುಟ್ಟಲಿಲ್ಲ. ಆ ಗುಂಡಿಯನ್ನು ಮಾತ್ರ ಮುಟ್ಟಿ, "ನನ್ನ ಮಗಂದು" ಅಂದರು. ಹೊರಗೆ ಬಂದಾಗ ಕೈ ನಡುಗುತ್ತಿತ್ತು. ಪಕ್ಕದ ಮನೆಯ ಅಕ್ಕ ಏನೂ ಮಾತಾಡದೆ ನೀರಿನ ಬಾಟಲಿ ಮುಚ್ಚಳ ತೆಗೆದು ಕೊಟ್ಟರು.

ಹೀಗೆ ತೋರಿಸುತ್ತಾರೆ ಅಂತ ಹಿಂದಿನ ದಿನ ಹೇಳಿಟ್ಟಿರಬೇಕು. ಅವತ್ತು ಆಟೋ, ಊಟ, ಮಕ್ಕಳನ್ನು ನೋಡಿಕೊಳ್ಳುವವರು, ಹಸುಗಳ ಹಾಲು ಕರೆಯುವವರು, ಎಲ್ಲ ಮೊದಲೇ ಗೊತ್ತಾಗಿರಬೇಕು. ಸಮನ್ಸ್ ಬಂದ ಸಾಕ್ಷಿಗಳಿಗೆ ಬತ್ತೆ ಅಂತ ಬಸ್ ಚಾರ್ಜು, ದಿನದ ಖರ್ಚು ಕೊಡಿಸಲು ಕಾನೂನಿನಲ್ಲಿ ಅವಕಾಶ ಇದೆ. ಕೂಲಿ ಬಿಟ್ಟು ಬರುವವರು ಪಿ.ಪಿ. ಕಚೇರಿಯಲ್ಲಿ ಸಂಕೋಚ ಇಲ್ಲದೆ ಕೇಳಬಹುದು.

ಸಾಕ್ಷಿಗಳು ತಿರುಗಿಬೀಳುವುದು ಯಾಕೆ?

2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟು ಕೊಂದರು. ಇಡೀ ರಾಜ್ಯ ನಡುಗಿತು. 2006ರಲ್ಲಿ ತೀರ್ಪು ಬಂದಾಗ ಎಲ್ಲ ಆರೋಪಿಗಳೂ ಖುಲಾಸೆ. ಮುಖ್ಯ ಸಾಕ್ಷಿಗಳು ಮೊದಲು ಹೇಳಿದ್ದನ್ನು ಕೋರ್ಟಿನಲ್ಲಿ ಹೇಳಲಿಲ್ಲ. ಇದಕ್ಕೇ ಸಾಕ್ಷಿ ತಿರುಗಿಬೀಳುವುದು, ಪ್ರತಿಕೂಲ ಸಾಕ್ಷಿ ಅನ್ನುವುದು.

ಸಾಕ್ಷಿಗಳು ತಿರುಗಿಬಿದ್ದರೆ ದುಡ್ಡು ತಿಂದರು ಅಂತ ಊರು ಸುಲಭವಾಗಿ ಮಾತಾಡುತ್ತದೆ. ಹಲವು ಸಲ ಕಾರಣ ಭಯ, ಇಲ್ಲವೇ ಸುಸ್ತು. ಆರು ವರ್ಷದಲ್ಲಿ ಸಾಕ್ಷಿಗೂ ಆರೋಪಿಗೂ ಒಂದೇ ನಲ್ಲಿ, ಒಂದೇ ರೇಷನ್ ಅಂಗಡಿ, ಒಂದೇ ಧಣಿಯ ತೋಟದಲ್ಲಿ ಕೂಲಿ. ಹತ್ತು ಸಲ ಕೋರ್ಟಿಗೆ ಅಲೆದು ಹತ್ತು ದಿನದ ಕೂಲಿ ಹೋಗಿರುತ್ತದೆ. ಒಬ್ಬರೇ ಇದ್ದರೆ ಯಾರು ತಾನೇ ಸೋಲುವುದಿಲ್ಲ? ಸಾಕ್ಷಿಯ ಜೊತೆ ನಾಲ್ಕು ಜನ ಬಸ್ ಹತ್ತಿದರೆ, ಅವರ ಹೊಲದ ಕೆಲಸಕ್ಕೆ ಅವತ್ತು ಮುಯ್ಯಾಳು ಹೋದರೆ, ಬೆದರಿಸುವವರಿಗೂ ಅದು ಕಾಣುತ್ತದೆ.

ಬೆದರಿಕೆ ನಿಜವಾಗಿ ಇದ್ದರೆ ಅದಕ್ಕೆ ದಾರಿ ಇದೆ. 2018ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಾಕ್ಷಿ ಸಂರಕ್ಷಣಾ ಯೋಜನೆಯನ್ನು ದೇಶಕ್ಕೆಲ್ಲ ಅನ್ವಯ ಮಾಡಿತು. ಆ ಯೋಜನೆಯ ಪ್ರಕಾರ ಜಿಲ್ಲಾ ನ್ಯಾಯಾಧೀಶರು ಮುಖ್ಯಸ್ಥರಾಗಿರುವ ಸಮಿತಿಗೆ ಅರ್ಜಿ ಹಾಕಬಹುದು. ಪೊಲೀಸರು ಬೆದರಿಕೆ ಎಷ್ಟಿದೆ ಅಂತ ವರದಿ ಕೊಟ್ಟ ಮೇಲೆ ಮನೆ ಹತ್ತಿರ ಗಸ್ತು, ಕೋರ್ಟಿಗೆ ಬೆಂಗಾವಲು, ತೀರಾ ಬೇಕಾದರೆ ಬೇರೆ ಜಾಗದಲ್ಲಿ ವಾಸದ ತನಕ ವ್ಯವಸ್ಥೆ ಮಾಡಬಹುದು. ಸುಳ್ಳು ಸಾಕ್ಷಿ ಹೇಳು ಅಂತ ಬೆದರಿಸುವುದೇ ಬೇರೆ ಅಪರಾಧ. ಯಾರು, ಯಾವಾಗ, ಏನಂದರು ಅನ್ನುವುದೂ ನೋಟ್‌ಬುಕ್ಕಿಗೆ ಹೋಗಬೇಕು.

ಇನ್ನು 'ರಾಜಿ'. ಹಿರಿಯರು ಕೂತು ಇಷ್ಟು ಕೊಡಿಸೋಣ, ಕೇಸು ಮುಗಿಸೋಣ ಅನ್ನುವುದು ಇವತ್ತಿಗೂ ಇದೆ. ಕೊಲೆ ಕೇಸನ್ನು ಕಾನೂನಿನ ಪ್ರಕಾರ ರಾಜಿ ಮಾಡಿಕೊಳ್ಳಲು ಬರುವುದಿಲ್ಲ. ಮನೆಯವರು ಒಪ್ಪಿದರೂ ಬರುವುದಿಲ್ಲ, ಯಾಕೆಂದರೆ ಕೇಸು ಸರ್ಕಾರದ್ದು. ರಾಜಿ ಅನ್ನುವ ಹೆಸರಿನಲ್ಲಿ ನಡೆಯುವುದು ಸಾಕ್ಷಿಗಳ ಬಾಯಿ ಮುಚ್ಚಿಸುವುದು ಅಷ್ಟೇ.

ಒಳ್ಳೆಯ ಮನಸ್ಸಿನಿಂದ ಆಗುವ ತಪ್ಪುಗಳು

ಹೀಗೆ ಹೇಳು, ಹಾಗೆ ಹೇಳು ಅಂತ ಸಾಕ್ಷಿಗೆ ಪಾಠ ಹೇಳಿಕೊಡುವುದು ದೊಡ್ಡ ತಪ್ಪು. ಪಾಟಿ ಸವಾಲಿನಲ್ಲಿ ಮೊದಲು ಬೀಳುವುದೇ ಬಾಯಿಪಾಠದ ಮಾತು. ಧೈರ್ಯ ಹೇಳಿ, ಉತ್ತರ ಹೇಳಬೇಡಿ.

ಕೋರ್ಟಿನ ಆವರಣದಲ್ಲಿ ಘೋಷಣೆ ಕೂಗುವುದು, ನ್ಯಾಯಾಧೀಶರ ಮೇಲೆ ವಾಟ್ಸ್ಆ್ಯಪಿನಲ್ಲಿ ಬರೆಯುವುದು ಕೇಸಿಗೆ ಸಹಾಯ ಮಾಡುವುದಿಲ್ಲ. ಘಟನೆಯ ಜಾಗದ, ಹೆಣದ ಫೋಟೋ ಹಂಚಿದರೆ ಅದು ಒಂದು ದಿನ ಸತ್ತವರ ಮಗಳ ಮೊಬೈಲಿಗೂ ಬರುತ್ತದೆ. ಅತ್ಯಾಚಾರ ಮಾಡಿ ಕೊಂದ ಪ್ರಕರಣವಾದರೆ ಸತ್ತವರ ಹೆಸರು, ಫೋಟೋ ಹಾಕುವುದೇ ಅಪರಾಧ. ಕ್ಯಾಂಡಲ್ ಮೆರವಣಿಗೆಯ ಬ್ಯಾನರಿಗೂ ಈ ಕಾನೂನು ಅನ್ವಯಿಸುತ್ತದೆ.

ಆರೋಪಿಯ ಮನೆಯವರನ್ನು ಕಾಡುವುದೂ ಬೇಡ. ಅವರ ಮಕ್ಕಳು ಅದೇ ಶಾಲೆಗೆ ಹೋಗುತ್ತಾರೆ. ಅವರ ಮೇಲೆ ಕೈ ಮಾಡಿದರೆ ಇನ್ನೊಂದು ಕೇಸು ಹುಟ್ಟುತ್ತದೆ, ಅದರಲ್ಲಿ ನೊಂದ ಮನೆಯ ಹುಡುಗರೇ ಆರೋಪಿಗಳಾಗುತ್ತಾರೆ.

ದುಡ್ಡು

ಸತ್ತವರ ಮನೆಯವರಿಗೆ ಸರ್ಕಾರದಿಂದ ಪರಿಹಾರ ಸಿಗುವ ಯೋಜನೆ ಇದೆ. ಕರ್ನಾಟಕದಲ್ಲಿ ಇದು 2011ರಲ್ಲಿ ಬಂತು. ಅಪರಾಧಿಗೆ ಶಿಕ್ಷೆ ಆಗಲೇಬೇಕು ಅಂತ ಇಲ್ಲ. ಕೊಂದವರು ಯಾರು ಅಂತಲೇ ಪತ್ತೆಯಾಗದಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು. ವಿಚಾರಣೆಯನ್ನು ಎರಡು ತಿಂಗಳಲ್ಲಿ ಮುಗಿಸಬೇಕು ಅಂತ ಕಾನೂನು ಹೇಳುತ್ತದೆ. ಈ ಪ್ರಾಧಿಕಾರದ ಕಚೇರಿ ಜಿಲ್ಲಾ ಕೋರ್ಟಿನ ಆವರಣದಲ್ಲೇ ಇರುತ್ತದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ. ಉಳಿದವರಿಗೆ ಆದಾಯದ ಮಿತಿ ಇದೆ. ಸಹಾಯವಾಣಿ 15100.

ಊರಿನವರು ಚಂದಾ ಎತ್ತುವುದಾದರೆ ಒಂದು ಲೆಕ್ಕದ ಪುಸ್ತಕ ಇರಲಿ, ಇಬ್ಬರ ಸಹಿ ಇರಲಿ. ದುಡ್ಡು ಹೋಗಬೇಕಾದದ್ದು ಮನೆಯ ಖರ್ಚಿಗೆ, ಮಕ್ಕಳ ಫೀಸಿಗೆ, ಬಸ್ಸಿಗೆ. ಸಾಕ್ಷಿಗಳ ಕೈಗೆ ಆ ನಿಧಿಯಿಂದ ನಗದು ಹೋಗಲೇಬಾರದು. ಒಂದು ದಿನದ ಕೂಲಿ ಪಾಪ ಅಂತ ಕೊಟ್ಟದ್ದೂ ಕೋರ್ಟಿನಲ್ಲಿ "ನಿಮಗೆ ದುಡ್ಡು ಕೊಟ್ಟು ಕರೆತಂದಿದ್ದಾರೆ" ಅಂತ ಆಗುತ್ತದೆ.

ತೀರ್ಪಿನ ದಿನ, ಆಮೇಲಿನ ದಿನ

ವಾದ ಮುಗಿದ ಮೇಲೆ 30 ದಿನದೊಳಗೆ, ಕಾರಣ ಇದ್ದರೆ 45 ದಿನದೊಳಗೆ, ತೀರ್ಪು ಕೊಡಬೇಕು ಅಂತ ಹೊಸ ಕಾನೂನು ಹೇಳುತ್ತದೆ. ತೀರ್ಪಿನ ದಿನ ಕೋರ್ಟು ತುಂಬಿರುತ್ತದೆ, ಮಾಧ್ಯಮದವರೂ ಬಂದಿರಬಹುದು. ಮನೆಯವರ ಪರವಾಗಿ ಮಾತಾಡುವವರು ಯಾರು, ಮಾತಾಡಬೇಕಾ ಬೇಡವಾ ಅಂತ ಹಿಂದಿನ ದಿನವೇ ಅವರನ್ನೇ ಕೇಳಿಟ್ಟುಕೊಳ್ಳಬೇಕು. ತೀರ್ಪು ಹೇಗೇ ಬಂದರೂ ರಾತ್ರಿ ಆ ಮನೆಯಲ್ಲಿ ಇಬ್ಬರು ಇರಬೇಕು. ಶಿಕ್ಷೆ ಆದ ದಿನವೂ ಆ ತಾಯಿ ಊಟ ಮಾಡಲಿಲ್ಲ. ಇಷ್ಟು ವರ್ಷ ಹಿಡಿದುಕೊಂಡಿದ್ದ ಒಂದು ಕೆಲಸ ಮುಗಿದು, ಮಗ ಇಲ್ಲ ಅನ್ನುವುದು ಮಾತ್ರ ಉಳಿದಿತ್ತು.

ಖುಲಾಸೆಯಾದರೆ, ಕೊಲೆ ಅನ್ನುವುದನ್ನು ಕಡಿಮೆ ಅಪರಾಧಕ್ಕೆ ಇಳಿಸಿದರೆ, ಪರಿಹಾರ ಸಾಲದು ಅನ್ನಿಸಿದರೆ, ನೊಂದ ಮನೆಯವರೇ ಮೇಲ್ಮನವಿ ಹಾಕಬಹುದು. ಸರ್ಕಾರ ಹಾಕಲಿ ಅಂತ ಕಾಯಬೇಕಾಗಿಲ್ಲ. ಈ ಹಕ್ಕು 2009ರ ತಿದ್ದುಪಡಿಯಲ್ಲಿ ಬಂತು. ಅದಕ್ಕೆ ಹೈಕೋರ್ಟಿನ ವಿಶೇಷ ಅನುಮತಿ ಮೊದಲು ಪಡೆಯಬೇಕಾಗಿಲ್ಲ ಅಂತ 2018ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ. ಆದರೆ ತಡ ಮಾಡಬಾರದು. ತೀರ್ಪಿನ ಮರುದಿನವೇ ದೃಢೀಕೃತ ನಕಲಿಗೆ ಅರ್ಜಿ ಹಾಕಬೇಕು. ಶಿಕ್ಷೆಯಾದರೆ ಆರೋಪಿ ಕಡೆಯವರೂ ಮೇಲ್ಮನವಿ ಹಾಕುತ್ತಾರೆ, ಮತ್ತೆ ತಾರೀಖುಗಳು ಶುರು.

ನಮ್ಮ ಬೀದಿಯ ಆ ಹುಡುಗಿ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಎರಡನೇ ನೋಟ್‌ಬುಕ್ ಅವಳ ತಮ್ಮನ ಕೈಯಲ್ಲಿದೆ. ಮೊದಲ ಪುಟದಲ್ಲಿ ಹೈಕೋರ್ಟಿನ ಮೇಲ್ಮನವಿಯ ನಂಬರ್ ಬರೆದಿದ್ದಾನೆ.